ಬೆಟ್ಟ ಹತ್ತುವ ಮುಂಚೆ ಮಂಡಿಗೆ ಎಂಟು ವಾರ: ಚಾಮುಂಡಿ ಮೆಟ್ಟಿಲಿಗೆ ತಯಾರಾಗುವ ಬಗೆ

ಆಷಾಢದ ಮೊದಲ ಶುಕ್ರವಾರ ಕಳೆದು ಶನಿವಾರ ಬಂತೆಂದರೆ ನಮ್ಮ ಕ್ಲಿನಿಕ್‌ನಲ್ಲಿ ಕುರ್ಚಿ ಸಾಲುವುದಿಲ್ಲ. ಬಾಗಿಲಲ್ಲಿ ಇರುವುದು ಮೂರೇ ಮೆಟ್ಟಿಲು. ವಾಪಸ್ ಹೋಗುವಾಗ ಅದನ್ನು ಗೋಡೆ ಹಿಡಿದು, ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಾರೆ. ಕೇಳಬೇಕಾಗಿಯೇ ಇಲ್ಲ, ನಿನ್ನೆ ಬೆಟ್ಟ ಹತ್ತಿದ್ದಾರೆ. ಎಲ್ಲರದ್ದೂ ಒಂದೇ ಮಾತು: "ಹತ್ತೋವಾಗ ಏನೂ ಆಗಲಿಲ್ಲ ಮೇಡಂ, ಇಳಿದ ಮೇಲೆ ಕಾಲು ಗಡಗಡ ನಡುಗೋಕೆ ಶುರುವಾಯ್ತು."

ನಗುವ ಹಾಗಿಲ್ಲ, ನನಗೂ ಹೀಗೇ ಆಗಿದೆ. ಫಿಸಿಯೋಥೆರಪಿ ಓದಿ, ದಿನಾ ಹತ್ತು ಜನರ ಮಂಡಿ ಬಗ್ಗಿಸಿ ಚಾಚಿಸುವ ನಾನೇ, ಒಂದು ವರ್ಷ ಯಾವ ತಯಾರಿಯೂ ಇಲ್ಲದೆ ನೆಂಟರ ಜೊತೆ ಸಾವಿರ ಮೆಟ್ಟಿಲು ಹತ್ತಿ ಇಳಿದು, ಮೂರು ದಿನ ಕಮೋಡ್ ಮೇಲೆ ಕೂರುವುದಕ್ಕೂ ಗೋಡೆ ಹಿಡಿದಿದ್ದೇನೆ. ಆಗಲೇ ನಿರ್ಧಾರ ಮಾಡಿದ್ದು, ಇದನ್ನು ಸರಿಯಾಗಿ ಬರೆದಿಡಬೇಕು ಅಂತ.

ಇಲ್ಲಿರುವುದು ಚಾಮುಂಡಿ ಬೆಟ್ಟದ ಲೆಕ್ಕ. ಶ್ರವಣಬೆಳಗೊಳಕ್ಕೆ ಹೋಗುವವರಿಗೂ, ಲಿಫ್ಟ್ ಕೆಟ್ಟ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೂ ಇದೇ ಲೆಕ್ಕ.

ನೋವು ಬರುವುದು ಯಾಕೆ

ಮಂಡಿ ಹಾಳಾಗುವುದು ಬಳಸಿದ್ದರಿಂದ ಅಲ್ಲ. ವರ್ಷವಿಡೀ ಬಳಸದೆ ಒಂದೇ ದಿನ ವರ್ಷದ ಕೆಲಸ ಮಾಡಿಸಿದ್ದರಿಂದ ಅದು ಕೂಗುತ್ತದೆ. ನಮ್ಮ ಮನೆಗಳಲ್ಲಿ ಒಂದು ಮಹಡಿಗೆ ಸುಮಾರು 18ರಿಂದ 20 ಮೆಟ್ಟಿಲು. ಸಾವಿರ ಮೆಟ್ಟಿಲು ಅಂದರೆ ಐವತ್ತು ಮಹಡಿ ಹತ್ತಿದ ಹಾಗೆ. ಇಳಿಯುವುದೂ ಸೇರಿದರೆ ನೂರು!

ಕೃತಕ ಮಂಡಿಯೊಳಗೆ ಅಳತೆಯ ಸಾಧನ ಇಟ್ಟು ನೋಡಿದ್ದಾರೆ. ಸಮತಟ್ಟಾದ ನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ಬೀಳುವ ಭಾರ ಮೈತೂಕದ ಸುಮಾರು ಎರಡೂವರೆ ಪಟ್ಟು. ಮೆಟ್ಟಿಲು ಹತ್ತುವಾಗ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ಹತ್ತುವಾಗ ಏದುಸಿರು ಬರುವುದರಿಂದ ಅದೇ ಕಷ್ಟ ಅನ್ನಿಸುತ್ತದೆ. ಇಳಿಯುವಾಗ ಉಸಿರು ಸಲೀಸು, ಹಾಗಾಗಿ ಕಾಲಿಗೆ ಆಗುತ್ತಿರುವುದು ತಿಳಿಯುವುದೇ ಇಲ್ಲ.

ಇನ್ನೊಂದು ವಿಷಯ ಇದೆ. ಬಾವಿಗೆ ಕೊಡ ಇಳಿಬಿಡುವುದನ್ನು ನೆನೆಸಿಕೊಳ್ಳಿ. ಹಗ್ಗವನ್ನು ಒಮ್ಮೆಲೇ ಬಿಡುವುದಿಲ್ಲ, ಬಿಗಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪ ಜಾರಿಸುತ್ತೇವೆ. ಮೆಟ್ಟಿಲು ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮಾಡುವುದು ಅದೇ ಕೆಲಸ. ಬಿಗಿಯಾಗಿದ್ದುಕೊಂಡೇ ಉದ್ದವಾಗುತ್ತದೆ. ಇದು ರೂಢಿ ಇಲ್ಲದ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಸೀಳು ಬಿಡುತ್ತವೆ. ಅದರ ನೋವು ತಕ್ಷಣ ಬರುವುದಿಲ್ಲ, ಒಂದರಿಂದ ಮೂರು ದಿನದೊಳಗೆ ಏರುತ್ತದೆ. ಶುಕ್ರವಾರ ಹತ್ತಿದವರಿಗೆ ಶನಿವಾರಕ್ಕಿಂತ ಭಾನುವಾರ ಜಾಸ್ತಿ ನೋಯುವುದು ಇದಕ್ಕೇ.

ಆದರೆ ಇದೇ ಸ್ನಾಯುವಿಗೆ ಒಂದು ಒಳ್ಳೆಯ ಗುಣವೂ ಇದೆ. ಸ್ವಲ್ಪ ಪ್ರಮಾಣದಲ್ಲಿ ಒಮ್ಮೆ ಇಳಿಯುವ ಕೆಲಸ ಮಾಡಿಸಿದರೆ, ಆಮೇಲೆ ಕೆಲವು ವಾರಗಳ ತನಕ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಕೆಳಗಿನ ಎಂಟು ವಾರದ ಪಾಠ ನಿಂತಿರುವುದೇ ಈ ಗುಣದ ಮೇಲೆ.

ಮೊದಲು ಡಾಕ್ಟರ್ ಹತ್ತಿರ ಹೋಗಬೇಕಾದವರು

ಹೃದಯದ ತೊಂದರೆ ಇರುವವರು, ಹತೋಟಿಗೆ ಬಾರದ ಬಿಪಿ ಅಥವಾ ಶುಗರ್ ಇರುವವರು, ನಡೆದರೆ ಎದೆ ಹಿಡಿದಂತಾಗುವವರು, ಇತ್ತೀಚೆಗೆ ಆಪರೇಷನ್ ಆದವರು ಮೊದಲು ಕೇಳಿಕೊಂಡು ಶುರುಮಾಡಿ. ಮಂಡಿ ಊದಿ ಬಿಸಿಯಾಗಿದ್ದರೆ, ನಡುವೆ ಸಿಕ್ಕಿಹಾಕಿಕೊಂಡು ಚಾಚಲು ಬಾರದಿದ್ದರೆ, ಇದ್ದಕ್ಕಿದ್ದಂತೆ ಕುಸಿಯುತ್ತಿದ್ದರೆ, ಅದನ್ನೂ ತೋರಿಸಿ. ಜ್ವರವೂ ಜೊತೆಗಿದ್ದರೆ ಅದೇ ದಿನ ತೋರಿಸಬೇಕು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೂ ಅಷ್ಟೇ, ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಲು ಹೋಗಬೇಡಿ.

"ಎಕ್ಸ್-ರೇಲಿ ಸವೆದಿದೆ ಅಂದಿದ್ದಾರೆ" ಅನ್ನುವವರು ಇಲ್ಲಿಗೇ ಓದುವುದು ನಿಲ್ಲಿಸಬೇಡಿ. ಐವತ್ತು ದಾಟಿದ ಎಷ್ಟೋ ಜನರ ಎಕ್ಸ್-ರೇಯಲ್ಲಿ ಸವೆತ ಕಾಣುತ್ತದೆ, ಅವರಲ್ಲಿ ಬಹಳ ಮಂದಿಗೆ ನೋವೇ ಇರುವುದಿಲ್ಲ. ಸವೆದ ಮಂಡಿಗೂ ವ್ಯಾಯಾಮವೇ ಮೊದಲ ಔಷಧಿ. ಬಗ್ಗಿಸಿದಾಗ ಕಟಕಟ ಅನ್ನುತ್ತದೆಯೇ? ನೋವಿಲ್ಲದ ಶಬ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹಂತ 1: ನಿಮ್ಮ ಕಾಲು ಎಲ್ಲಿದೆ ಅಂತ ನೋಡಿಕೊಳ್ಳಿ

ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿ ತಗೊಳ್ಳಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. 60ರಿಂದ 64 ವಯಸ್ಸಿನ ಗಂಡಸರು 14, ಹೆಂಗಸರು 12 ಸಲ ಮಾಡಬೇಕು. 65ರಿಂದ 69ರವರಿಗೆ 12 ಮತ್ತು 11. 70ರಿಂದ 74ರವರಿಗೆ 12 ಮತ್ತು 10. ಇದಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ವಯಸ್ಸಿಗೆ ತಕ್ಕಷ್ಟಿಲ್ಲ ಅಂತ ಅರ್ಥ. ಅರವತ್ತರ ಒಳಗಿನವರು ಹದಿನೈದಕ್ಕಿಂತ ಜಾಸ್ತಿ ಮಾಡಲೇಬೇಕು ಅನ್ನುವುದು ನನ್ನ ಸ್ವಂತ ಲೆಕ್ಕ.

ಎರಡನೆಯದು ಪಾದದ ಕೀಲಿನ ಪರೀಕ್ಷೆ. ಗೋಡೆಗೆ ಎದುರಾಗಿ ನಿಂತು, ಹೆಬ್ಬೆರಳ ತುದಿಯಿಂದ ಗೋಡೆಗೆ ಅರ್ಧ ಗೇಣು ಜಾಗ ಬಿಡಿ. ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಿ. ಮುಟ್ಟದಿದ್ದರೆ ಕೀಲು ಬಿಗಿಯಾಗಿದೆ. ಇಳಿಯುವಾಗ ಅಲ್ಲಿ ಬಗ್ಗಬೇಕಾದ್ದು ಬಗ್ಗದೆ, ಹೊರೆ ಮಂಡಿಗೆ ಹೋಗುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಮನೆಯ ಕೊನೆಯ ಮೆಟ್ಟಿಲ ಮೇಲೆ ಒಂದು ಕಾಲಲ್ಲಿ ನಿಂತು, ಇನ್ನೊಂದು ಹಿಮ್ಮಡಿಯನ್ನು ನಿಧಾನವಾಗಿ ಮುಂದಿನ ನೆಲಕ್ಕೆ ತಾಗಿಸಿ ವಾಪಸ್ ತನ್ನಿ. ಮನೆಯವರ ಕೈಲಿ ಎದುರಿನಿಂದ ವಿಡಿಯೋ ಮಾಡಿಸಿ. ಬಗ್ಗಿದ ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕೆ ಇರಬೇಕು. ಬಹಳ ಜನರಿಗೆ ಅದು ಒಳಗಡೆ ವಾಲುತ್ತದೆ, ಎರಡು ಮಂಡಿ ಗುಟ್ಟು ಮಾತಾಡಲು ಹೋದ ಹಾಗೆ. ತಪ್ಪು ಮಂಡಿಯದಲ್ಲ. ಸೊಂಟದ ಪಕ್ಕದ ಸ್ನಾಯು ಅದನ್ನು ಹಿಡಿದು ನಿಲ್ಲಿಸುತ್ತಿಲ್ಲ, ಅಷ್ಟೇ.

ಬಂದ ಅಂಕಿಗಳನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ.

ಹಂತ 2: ಮೊದಲ ಎರಡು ವಾರ, ನೆಲ ಗಟ್ಟಿ ಮಾಡುವುದು

ದಿನ ಬಿಟ್ಟು ದಿನ, ಸುಮಾರು ಇಪ್ಪತ್ತು ನಿಮಿಷ. ನಾಲ್ಕೇ ಕೆಲಸ.

ಕುರ್ಚಿಯಿಂದ ಏಳುವುದು, ಕೂರುವುದು: 10 ಸಲ, ಮೂರು ಸುತ್ತು. ಏಳುವಾಗ ಹೇಗಾದರೂ ಏಳಿ, ಕೂರುವಾಗ ಮೂರು ಎಣಿಸಿಕೊಂಡು ಕೂತುಕೊಳ್ಳಿ. ದೊಪ್ಪನೆ ಬಿದ್ದರೆ ಅದು ಲೆಕ್ಕಕ್ಕಿಲ್ಲ.

ಸೇತುವೆ: ಚಾಪೆ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ಹಿಮ್ಮಡಿ ಒತ್ತಿ ಸೊಂಟ ಮೇಲೆತ್ತಿ. ಮೇಲೆ ಐದು ಎಣಿಸಿ ಇಳಿಸಿ. 10 ಸಲ, ಎರಡು ಸುತ್ತು. ಕುಂಡೆಯ ಸ್ನಾಯು ಬಿಗಿಯಬೇಕು. ಬೆನ್ನಲ್ಲಿ ಹಿಡಿದಂತಾದರೆ ಅಷ್ಟು ಮೇಲೆ ಎತ್ತಬೇಡಿ.

ಪಕ್ಕಕ್ಕೆ ಮಲಗಿ ಕಾಲೆತ್ತುವುದು: ಮೇಲಿನ ಕಾಲನ್ನು ನೇರ ಇಟ್ಟು, ಸ್ವಲ್ಪ ಹಿಂದಕ್ಕೆ ಒಯ್ದು ಎತ್ತಿ. 12 ಸಲ, ಎರಡೂ ಕಡೆ. ಒಳಗಡೆ ವಾಲುವ ಮಂಡಿಗೆ ಇದೇ ಮದ್ದು.

ಹಿಮ್ಮಡಿ ಎತ್ತುವುದು: ಅಡುಗೆಮನೆ ಕಟ್ಟೆ ಹಿಡಿದು ನಿಂತು, ಎರಡೂ ಹಿಮ್ಮಡಿ ಎತ್ತಿ ನಿಧಾನ ಇಳಿಸಿ, 15 ಸಲ. ಹಾಲು ಉಕ್ಕುವುದನ್ನು ಕಾಯುತ್ತಾ ಸುಮ್ನೆ ನಿಂತಿರುತ್ತೇವಲ್ಲ, ಆ ಹೊತ್ತಿಗೆ ಹೇಳಿ ಮಾಡಿಸಿದ ಕೆಲಸ. ಪಾದದ ಕೀಲು ಬಿಗಿ ಇದ್ದವರು ಗೋಡೆಗೆ ಕೈ ಊರಿ ಮೀನಖಂಡ ಎಳೆಯುವಂತೆ 30 ಸೆಕೆಂಡ್ ನಿಲ್ಲುವುದನ್ನೂ ದಿನಾ ಮೂರು ಸಲ ಸೇರಿಸಿಕೊಳ್ಳಿ.

ಉಳಿದ ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ದೊಡ್ಡವರಿಗೆ ವಾರಕ್ಕೆ 150 ನಿಮಿಷದಿಂದ 300 ನಿಮಿಷ ಇಂಥ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ಕೆಲಸ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಮ್ಮವರು ಮೊದಲನೆಯದನ್ನು ಮಾಡುತ್ತಾರೆ, ಎರಡನೆಯದನ್ನು ಬಿಡುತ್ತಾರೆ. "ಇಪ್ಪತ್ತು ವರ್ಷದಿಂದ ದಿನಾ ಕುಕ್ಕರಹಳ್ಳಿ ಕೆರೆ ಸುತ್ತುತ್ತೀನಿ, ನಂಗ್ಯಾಕೆ ನೋವು?" ಅಂತ ಕೇಳುವವರಿಗೆ ನನ್ನ ಉತ್ತರ ಇದೇ: ಕೆರೆಯ ದಾರಿ ಮಟ್ಟಸ, ಬೆಟ್ಟ ಹಾಗಲ್ಲ. ಉಸಿರಿಗೆ ತಯಾರಿ ಆಗಿದೆ, ತೊಡೆಗೆ ಆಗಿಲ್ಲ.

ನೋವಿನ ಲೆಕ್ಕ

ಮುಂದಿನ ಹಂತಕ್ಕೆ ಹೋಗುವ ಮುಂಚೆ ಇದನ್ನು ಕಲಿತುಕೊಳ್ಳಿ. ನೋವಿಗೆ ಸೊನ್ನೆಯಿಂದ ಹತ್ತರ ತನಕ ಅಂಕ ಕೊಡಿ. ವ್ಯಾಯಾಮದಲ್ಲಿ ಮೂರರ ತನಕ ಬಂದರೆ ಪರವಾಗಿಲ್ಲ, ಮುಂದುವರಿಸಿ. ನಾಲ್ಕೈದು ಆದರೆ ಸುತ್ತು ಕಡಿಮೆ ಮಾಡಿ, ಅಥವಾ ಕುರ್ಚಿ ಎತ್ತರ ಮಾಡಿಕೊಳ್ಳಿ. ಅದಕ್ಕೂ ಮೇಲೆ ಹೋದರೆ ಆ ದಿನಕ್ಕೆ ಸಾಕು. ಎರಡನೇ ಲೆಕ್ಕ ಬೆಳಗ್ಗೆಯದು. ಮರುದಿನ ಎದ್ದಾಗ ಮಂಡಿ ಮುಂಚೆ ಹೇಗಿತ್ತೋ ಹಾಗೇ ಇದ್ದರೆ ನಿನ್ನೆ ಮಾಡಿದ್ದು ಸರಿಯಾಗಿತ್ತು. ಊದಿದ್ದರೆ, ಜಾಸ್ತಿ ಬಿಗಿ ಅನ್ನಿಸಿದರೆ, ಮಾಡಿದ್ದು ಜಾಸ್ತಿ ಆಯಿತು. ಪೂರ್ತಿ ಬಿಡಬೇಡಿ. ಅರ್ಧಕ್ಕೆ ಇಳಿಸಿ.

ನೋವು ಅಂದರೆ ಹಾನಿ ಅಂತ ಹೆದರಿ ಹಾಸಿಗೆ ಹಿಡಿಯುವವರೂ, "ನೋವಿನ ಮೇಲೇ ಮಾಡಿದ್ರೆ ಹೋಗುತ್ತೆ" ಅಂತ ಹಲ್ಲು ಕಚ್ಚುವವರೂ, ಇಬ್ಬರೂ ನನ್ನ ಹತ್ತಿರ ಬರುತ್ತಾರೆ. ಎರಡನೆಯವರನ್ನು ಹಿಡಿಯುವುದು ಕಷ್ಟ.

ಹಂತ 3: ಮೂರರಿಂದ ಐದನೇ ವಾರ, ಇಳಿಯುವುದನ್ನು ಕಲಿಯುವುದು

ಇಲ್ಲಿ ಅವಸರ ಬೇಡ. ಇಡೀ ಬರಹದಲ್ಲಿ ಒಂದೇ ವ್ಯಾಯಾಮ ಆರಿಸಿ ಅಂದರೆ ನಾನು ಆರಿಸುವುದು ಇದನ್ನೇ.

ಮೆಟ್ಟಿಲಿನ ಪಕ್ಕದ ಕಂಬಿ ಒಂದು ಕೈಯಲ್ಲಿ ಹಗುರವಾಗಿ ಹಿಡಿಯಿರಿ. ಕೆಳಗಿನ ಮೆಟ್ಟಿಲ ಮೇಲೆ ಬಲಗಾಲಲ್ಲಿ ನಿಲ್ಲಿ. ಇಡೀ ಪಾದ ಮೆಟ್ಟಿಲ ಮೇಲಿರಲಿ. ಈಗ ಎಡಗಾಲನ್ನು ನೆಲಕ್ಕೆ ಇಳಿಸಿ, ಆದರೆ ಇಳಿಸುವ ಕೆಲಸ ಮೇಲಿರುವ ಬಲಗಾಲಿನದು. ಒಂದು, ಎರಡು, ಮೂರು ಅಂತ ಮನಸ್ಸಲ್ಲಿ ಎಣಿಸಿ. ಸೊಂಟ ಸ್ವಲ್ಪ ಹಿಂದಕ್ಕೆ ಹೋಗಲಿ, ಕುರ್ಚಿಗೆ ಕೂರುವಾಗ ಹೋಗುವ ಹಾಗೆ. ಮಂಡಿ ಎರಡನೇ ಬೆರಳಿನ ನೇರಕ್ಕೇ ಇರಲಿ. ಎಡ ಹಿಮ್ಮಡಿ ನೆಲಕ್ಕೆ ತಾಗುವಾಗ ಶಬ್ದ ಬರಬಾರದು. ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಅಂದುಕೊಳ್ಳಿ. ತಾಗಿದ ತಕ್ಷಣ ಭಾರ ಬಿಡದೆ ವಾಪಸ್ ಎತ್ತಿ.

ಮೂರನೇ ವಾರ ಒಂದೊಂದು ಕಾಲಿಗೆ 6 ಸಲ, ಎರಡು ಸುತ್ತು. ನಾಲ್ಕನೇ ವಾರ 8. ಐದನೇ ವಾರ 10 ಸಲ, ಮೂರು ಸುತ್ತು. ಮನೆಯ ಮೆಟ್ಟಿಲು ಎತ್ತರ ಅನ್ನಿಸಿದರೆ ಗಟ್ಟಿಯಾದ ಒಂದು ಕುಳ್ಳ ಮಣೆ ಸಾಕು, ಗೋಡೆ ಪಕ್ಕ ಇಟ್ಟುಕೊಂಡು ಶುರುಮಾಡಿ.

ಜೊತೆಗೆ ಮಹಡಿ ಹತ್ತುವುದು. ಮೂರನೇ ವಾರ ಒಂದು ದಿನಕ್ಕೆ ಐದು ಮಹಡಿ, ನಾಲ್ಕನೇ ವಾರ ಎಂಟು, ಐದನೇ ವಾರ ಹನ್ನೆರಡು. ವಾರಕ್ಕೆ ಮೂರೇ ದಿನ. ಒಂದೇ ಮಹಡಿಯ ಮನೆಯಾದರೆ ಅದನ್ನೇ ಹತ್ತಿ ಇಳಿಯಿರಿ, ಮನೆಯವರು ನಕ್ಕರೆ ನಗಲಿ. ಹಂತ 2ರ ಕೆಲಸಗಳನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಬಹುದು.

ಹಲ್ಲುಜ್ಜುವಾಗ ಒಂದು ಕಾಲಲ್ಲಿ ನಿಲ್ಲುವ ಅಭ್ಯಾಸವೂ ಇರಲಿ. 65 ದಾಟಿದವರು ಕೈಗೆಟಕುವ ಹಾಗೆ ಬೇಸಿನ್ ಇದ್ದಲ್ಲಿ ಮಾತ್ರ, ಒದ್ದೆ ನೆಲದಲ್ಲಿ ಬೇಡ.

ಹಂತ 4: ಆರು, ಏಳು, ಎಂಟು

ಆರನೇ ವಾರ ಬೆಟ್ಟಕ್ಕೇ ಹೋಗಿ, ಆದರೆ ಮೆಟ್ಟಿಲ ದಾರಿಯಲ್ಲಿ ಸಿಗುವ ದೊಡ್ಡ ನಂದಿ ವಿಗ್ರಹದ ತನಕ ಮಾತ್ರ. ಶುರುವಿನ ಭಾಗವೇ ಕಡಿದು, ಕಾಲಿಗೆ ತಿಳಿಯಬೇಕಾದ್ದೆಲ್ಲ ಅಲ್ಲೇ ತಿಳಿಯುತ್ತದೆ. ನಂದಿಯ ಹತ್ತಿರ ವಾಹನದ ರಸ್ತೆಯೂ ಬರುತ್ತದೆ, ಸಾಕು ಅನ್ನಿಸಿದರೆ ದಾರಿ ಇದೆ. ಬೇರೆ ಊರಿನವರು ಈ ವಾರ ಹದಿನೈದು ಇಪ್ಪತ್ತು ಮಹಡಿ ಹತ್ತಿ ಇಳಿದರೆ ಸಾಕು. ಮರುದಿನ ತೊಡೆ ಸ್ವಲ್ಪ ಹಿಡಿದುಕೊಳ್ಳುತ್ತದೆ. ಹಿಡಿದುಕೊಳ್ಳಲಿ, ನಾವು ಬಯಸಿದ್ದೂ ಅದನ್ನೇ.

ಏಳನೇ ವಾರ ಪೂರ್ತಿ ಹತ್ತಿ, ಇಳಿಯುವಾಗ ಸಿಟಿ ಬಸ್ ಹಿಡಿಯಿರಿ. ನಾಚಿಕೆ ಪಡಬೇಕಾದ್ದು ಏನೂ ಇಲ್ಲ. ನನ್ನನ್ನು ಕೇಳಿದರೆ, ಮಂಡಿ ನೋವಿನ ಹಳೇ ಗಿರಾಕಿಗಳು ಯಾವತ್ತೂ ಹೀಗೇ ಮಾಡುವುದು ಒಳ್ಳೆಯದು.

ಎಂಟನೇ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ. ಕೊನೆಯ ಎರಡು ದಿನ ನಡಿಗೆ ಮಾತ್ರ. ಪರೀಕ್ಷೆ ಹಿಂದಿನ ರಾತ್ರಿ ಪುಸ್ತಕ ತೆಗೆಯುವ ಹಾಗೆ ಗುರುವಾರ ರಾತ್ರಿ ಬಸ್ಕಿ ಹೊಡೆಯಬೇಡಿ.

ಎಂಟು ವಾರ ಇಲ್ಲ, ಎರಡೇ ವಾರ ಇದೆ ಅನ್ನುವವರು ನೇರ ಹಂತ 3ರ ಇಳಿಯುವ ವ್ಯಾಯಾಮ ಮಾಡಿ, ಸ್ವಲ್ಪ ಸ್ವಲ್ಪವೇ. ಹತ್ತಿ ಬಸ್ಸಲ್ಲಿ ಇಳಿಯಿರಿ.

ಆ ದಿನ

ಎದ್ದು ಒಂದಿಷ್ಟು ತಿನ್ನಿ. ಉಪವಾಸ ಹೋಗುವವರು ಇದ್ದಾರೆ, ಅದು ಅವರ ನಂಬಿಕೆ. ಆದರೆ ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಹಾಗೆ ಮಾಡಬಾರದು. ನೋವಿನ ಮಾತ್ರೆಯನ್ನು ಮುಂಚಿತವಾಗಿ ನುಂಗಿ ಹತ್ತಬೇಡಿ. ನೋವು ಹೇಳುವ ಮಾತನ್ನು ಕೇಳಿಸಿಕೊಳ್ಳದ ಹಾಗೆ ಕಿವಿ ಮುಚ್ಚಿಕೊಂಡಂತೆ ಅದು.

ಆಷಾಢದ ಜಿಟಿಜಿಟಿ ಮಳೆಗೆ ಕಲ್ಲು ಜಾರುತ್ತದೆ. ಸವೆದ ಹವಾಯಿ ಚಪ್ಪಲಿಗಿಂತ ಬರಿಗಾಲೇ ವಾಸಿ, ಆದರೆ ಪಾದದ ಸ್ಪರ್ಶ ಮಂದವಾಗಿರುವ ಶುಗರ್‌ನವರು ಬರಿಗಾಲಲ್ಲಿ ಹೋಗಲೇಬೇಡಿ. ಗಾಯ ಆದದ್ದೂ ಗೊತ್ತಾಗುವುದಿಲ್ಲ.

ಹತ್ತುವಾಗ ಇಡೀ ಪಾದ ಇಡಿ, ಸೊಂಟದಿಂದ ಸ್ವಲ್ಪ ಮುಂದೆ ಬಾಗಿ, ಹಿಮ್ಮಡಿ ಒತ್ತಿ ಏಳಿ. ಐವತ್ತು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತಗೊಳ್ಳಿ. ಎದೆ ಹಿಡಿದರೆ, ತಲೆ ತಿರುಗಿದರೆ ಅಲ್ಲೇ ಕೂತು ಜೊತೆಯವರಿಗೆ ಹೇಳಿ.

ಇಳಿಯುವಾಗ ಆದಷ್ಟು ನಿಧಾನ. ಒಂದು ಮಂಡಿ ನೋಯುತ್ತಿದ್ದರೆ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಇಳಿಯಿರಿ. ಹತ್ತುವಾಗ ಚೆನ್ನಾಗಿರುವ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಕೋಲು ಹಿಡಿಯುವುದಾದರೆ ನೋವಿಲ್ಲದ ಕಡೆಯ ಕೈಯಲ್ಲಿ. ಇದು ಬಹಳ ಜನರಿಗೆ ತಲೆಕೆಳಗು ಅನ್ನಿಸುತ್ತದೆ, ಮಾಡಿ ನೋಡಿ. ನೀಕ್ಯಾಪ್ ಹಾಕಿದರೆ ಧೈರ್ಯ ಬರುತ್ತದೆ ಅನ್ನುವವರು ಹಾಕಿಕೊಳ್ಳಲಿ. ಅದರಿಂದ ಸ್ನಾಯುವಿಗೆ ಬಲವಂತೂ ಬರುವುದಿಲ್ಲ.

ಅರಿಶಿನ ಕುಂಕುಮದ ಹರಕೆಯವರಿಗೆ ಬೇರೆಯೇ ಮಾತು. ಪ್ರತಿ ಮೆಟ್ಟಿಲಿಗೂ ಹಚ್ಚುವುದು ಅಂದರೆ ಸಾವಿರ ಸಲ ಬಗ್ಗುವುದು. ಮಂಡಿಗಿಂತ ಮುಂಚೆ ಸೊಂಟ ಕೈಕೊಡುತ್ತದೆ. ಕಾಲಬುಡದ ಮೆಟ್ಟಿಲಿಗೆ ಹಚ್ಚಬೇಡಿ, ಎರಡು ಮೂರು ಮೆಟ್ಟಿಲು ಮೇಲಿನದಕ್ಕೆ ಹಚ್ಚಿ. ಅದು ಅಷ್ಟು ಎತ್ತರದಲ್ಲಿರುವುದರಿಂದ ಬಗ್ಗುವುದು ಅರ್ಧಕ್ಕೆ ಇಳಿಯುತ್ತದೆ. ಒಂದು ಕಾಲು ಮೇಲಿನ ಮೆಟ್ಟಿಲಲ್ಲಿರಲಿ. ಎಡಗೈ ತೊಡೆಯ ಮೇಲೆ ಊರಿ, ಬಲಗೈಯಲ್ಲಿ ಹಚ್ಚಿ. ಇಬ್ಬರು ಹೋದರೆ ಐವತ್ತಕ್ಕೊಮ್ಮೆ ಸರದಿ ಬದಲಿಸಿ, ಬಿಡುವಿನಲ್ಲಿ ಸೊಂಟಕ್ಕೆ ಕೈ ಕೊಟ್ಟು ಐದು ಸಲ ಹಿಂದಕ್ಕೆ ಬಾಗಿ. ಈ ಉಪಾಯ ನನ್ನದಲ್ಲ, ಒಬ್ಬ ನಿವೃತ್ತ ಟೀಚರಮ್ಮ ನನಗೆ ಕಲಿಸಿದ್ದು.

ಇಳಿದ ಮೇಲೆ

ಕೆಳಗೆ ಬಂದ ಕೂಡಲೇ ಕಾರಲ್ಲಿ ಕಾಲು ಮಡಚಿ ಕೂರಬೇಡಿ. ಹತ್ತು ನಿಮಿಷ ಮಟ್ಟಸ ನೆಲದಲ್ಲಿ ನಡೆದು, ನೀರು ಕುಡಿದು ಹೊರಡಿ. ಮನೆಯಲ್ಲಿ ಬಿಸಿನೀರೋ ಐಸೋ, ಯಾವುದು ಹಿತ ಅನ್ನಿಸುತ್ತದೋ ಅದು. ಎಣ್ಣೆ ಹಚ್ಚಿ ಹಗುರವಾಗಿ ನೀವಿದರೆ ಹಾಯೆನಿಸುತ್ತದೆ. ಆದರೆ ಗಟ್ಟಿಯಾಗಿ ತಿಕ್ಕಿದರೆ ನೋವು ಬೇಗ ಹೋಗುತ್ತದೆ ಅನ್ನುವುದು ಸುಳ್ಳು.

ಎರಡೂ ತೊಡೆ ಸಮನಾಗಿ, ಹರಡಿಕೊಂಡಂತೆ ನೋಯುತ್ತಿದ್ದರೆ ಅದು ದಣಿದ ಸ್ನಾಯು, ಸಾಮಾನ್ಯವಾಗಿ ನಾಲ್ಕೈದು ದಿನದಲ್ಲಿ ಹೋಗುತ್ತದೆ. ಮಲಗಿಬಿಡಬೇಡಿ, ಮನೆಯಲ್ಲಿ ಓಡಾಡಿ. ಒಂದೇ ಕಡೆ ಬೆರಳಿಟ್ಟು ತೋರಿಸುವಂಥ ನೋವು, ಊತ, ಅಥವಾ ವಾರ ಕಳೆದರೂ ಇಳಿಯದ್ದು ಇದ್ದರೆ ತೋರಿಸಿ. ಬಿದ್ದು ಪೆಟ್ಟಾಗಿ ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ, ಮಂಡಿಯನ್ನು 90 ಡಿಗ್ರಿ ಬಗ್ಗಿಸಲು ಬಾರದಿದ್ದರೆ ಎಕ್ಸ್-ರೇ ಬೇಕು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ ತೊಡೆ ಕಲ್ಲಾಗಿದ್ದರೆ ರಾತ್ರಿ ಆದರೂ ಸರಿ, ಆಸ್ಪತ್ರೆಗೆ ಹೋಗಿ. ಅಪರೂಪ, ಆದರೆ ಕಿಡ್ನಿಗೆ ತೊಂದರೆ.

ಮುಂದಿನ ಶುಕ್ರವಾರವೂ ಹೋಗಬೇಕು ಅನ್ನುವವರು ಗುರುವಾರ ಬೆಳಗ್ಗೆ ಮನೆಯ ಮೆಟ್ಟಿಲಲ್ಲಿ ಆ ನಿಧಾನದ ಇಳಿತವನ್ನು ಆರು ಸಲ ಮಾಡಿ ನೋಡಿ. ನೋವು ಎರಡರೊಳಗೆ ಇದ್ದರೆ ಹೋಗಿ ಬನ್ನಿ, ಈ ಸಲ ತೊಡೆ ಅಷ್ಟು ಹಿಡಿಯುವುದಿಲ್ಲ. ಮೂರು ದಾಟಿದರೆ ಆ ವಾರ ಬಸ್ಸಲ್ಲಿ ಹೋಗಿ ದರ್ಶನ ಮಾಡಿ, ಅದರ ಮುಂದಿನ ವಾರ ನೋಡೋಣ.